ಕೈಬಿಟ್ಟ ನಾಯಿಗಳಿಗೆ ಇನ್ನೊಂದು ಮನೆ

ಬೆಂಗಳೂರಿನಲ್ಲಿ ನಾಯಿಗಳ ರಕ್ಷಣೆಯ ಕೆಲಸದಲ್ಲಿ ತೊಡಗಿರುವವರ ಫೋನಿಗೆ ಬರುವ ಸಂದೇಶಗಳಿಗೆ ಒಂದು ಸಿದ್ಧ ಮಾದರಿಯೇ ಇದೆ. ಮೂರು ವರ್ಷದ ಗಂಡು ಲ್ಯಾಬ್ರಡಾರ್, ತುಂಬಾ ಸಾಧು, ಮಕ್ಕಳೆಂದರೆ ಪ್ರಾಣ, ಎಲ್ಲ ಲಸಿಕೆಗಳೂ ಆಗಿವೆ, ಅನಿವಾರ್ಯ ಕಾರಣಗಳಿಂದ ಒಳ್ಳೆಯ ಮನೆಗೆ ಕೊಡಬೇಕಾಗಿದೆ ಎಂದು ಸಾಗುವ ಆ ಸಂದೇಶದ ಕೊನೆಯ ಸಾಲಿನಲ್ಲಿ ಬಹುತೇಕ ಒಂದು ಗಡುವು ಇರುತ್ತದೆ: ಈ ಶನಿವಾರದೊಳಗೆ, ಇಲ್ಲವೇ ತಿಂಗಳು ಮುಗಿಯುವುದರೊಳಗೆ. ಹೊಸ ಮನೆ ಸಿಗುವವರೆಗೆ ಇಂಥ ನಾಯಿಗಳನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ, ಅಂದರೆ ಫಾಸ್ಟರ್ ಮಾಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ನನ್ನನ್ನು ಹೆಚ್ಚು ಕಾಡುವುದು ಆ ಗಡುವು. ಮೂರು ವರ್ಷ ಮನೆಯಲ್ಲಿ ಬೆಳೆದ ಪ್ರಾಣಿಗೆ ಮೂರು ದಿನದಲ್ಲಿ ಇನ್ನೊಂದು ಮನೆ ಹುಡುಕಿಕೊಡಿ ಎಂದು ಕೇಳುವವರು ಕೆಟ್ಟವರೇನೂ ಅಲ್ಲ, ಆದರೆ ಆ ತೀರ್ಮಾನ ಅವರ ಮನಸ್ಸಿನಲ್ಲಿ ಎಷ್ಟೋ ತಿಂಗಳ ಹಿಂದೆಯೇ ಹುಟ್ಟಿರುತ್ತದೆ, ನಮಗೆ ತಿಳಿಸುವುದು ಮಾತ್ರ ಕೊನೆಯ ವಾರದಲ್ಲಿ.

ಮಗುವಿಗೆ ಅಲರ್ಜಿ ಎಂದು ಫೋನ್ ಮಾಡಿದವರೊಂದಿಗೆ ಕಾಲು ಗಂಟೆ ಸಮಾಧಾನವಾಗಿ ಮಾತನಾಡಿದರೆ ಬೇರೆಯೇ ಕಥೆ ಹೊರಬರುವುದುಂಟು. ನಾಯಿ ಆರು ತಿಂಗಳಿದ್ದಾಗ ಸೋಫಾ ಹರಿಯಿತು, ಅಂದಿನಿಂದ ಅದನ್ನು ಬಾಲ್ಕನಿಯಲ್ಲಿ ಕಟ್ಟಲಾಯಿತು, ಕಟ್ಟಿದ್ದರಿಂದ ಬೊಗಳತೊಡಗಿತು, ಪಕ್ಕದ ಮನೆಯವರು ದೂರು ಕೊಟ್ಟರು, ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದ ಹುಡುಗ ಕೆಲಸ ಬಿಟ್ಟ, ಮನೆಯವರು ಕರೆದುಕೊಂಡು ಹೋದರೆ ಎಳೆದು ಬೀಳಿಸುತ್ತದೆ, ಈಗ ಹತ್ತಿರ ಹೋದವರ ಮೇಲೆ ಗುರುಗುಟ್ಟುತ್ತದೆ. ಅಲರ್ಜಿ ಸುಳ್ಳಲ್ಲದಿರಬಹುದು, ಆದರೆ ಅದು ಈ ಸರಪಳಿಯ ಕೊನೆಯ ಕೊಂಡಿ. ಮೊದಲ ಕೊಂಡಿಯನ್ನು ಹುಡುಕುತ್ತ ಹೋದರೆ ಬಹುಪಾಲು ಸಂದರ್ಭಗಳಲ್ಲಿ ನಾವು ಮುಟ್ಟುವುದು ಆ ನಾಯಿಯನ್ನು ಮನೆಗೆ ತಂದ ದಿನವನ್ನು. ಯಾವ ತಳಿ, ಯಾರಿಂದ, ಎಷ್ಟು ದಿನದ ಮರಿ, ಮನೆಯಲ್ಲಿ ಅದರ ಜವಾಬ್ದಾರಿ ಯಾರದು ಎಂಬ ಪ್ರಶ್ನೆಗಳನ್ನು ಅಂದು ಯಾರೂ ಕೇಳಿರುವುದಿಲ್ಲ.

ತಳಿಯ ಆಯ್ಕೆ ನಮ್ಮಲ್ಲಿ ಹೆಚ್ಚಾಗಿ ಕಣ್ಣಿನಿಂದ ಆಗುತ್ತದೆ. 2003ರ ಸುಮಾರಿಗೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹೋಗುವ ಪಗ್ ನಾಯಿಯನ್ನು ದೇಶವೇ ಮೆಚ್ಚಿತು, ಮನೆಮನೆಗಳಲ್ಲಿ ಪಗ್ ಬೇಕೆಂಬ ಆಸೆ ಹುಟ್ಟಿತು. ಚಪ್ಪಟೆ ಮುಖದ ಆ ನಾಯಿಗೆ ಉಸಿರಾಟವೇ ಒಂದು ಶ್ರಮ, ಬೇಸಿಗೆಯಲ್ಲಿ ಸ್ವಲ್ಪ ಓಡಿದರೂ ಅದು ಏದುಸಿರು ಬಿಡುತ್ತದೆ, ಮುಖದ ಮಡಿಕೆಗಳಲ್ಲಿ ಸೋಂಕು, ಉಬ್ಬಿದ ಕಣ್ಣುಗಳಿಗೆ ಹುಣ್ಣು ಎಂದು ಆಸ್ಪತ್ರೆಗೆ ಅಲೆಯುವುದು ತಪ್ಪುವುದಿಲ್ಲ ಎಂಬುದು ಜಾಹೀರಾತಿನಲ್ಲಿ ಕಾಣುವಂಥದ್ದಲ್ಲ. ಆಮೇಲೆ ಹಸ್ಕಿಗಳ ಕಾಲ ಬಂತು. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲು ಬೆಳೆಸಿದ, ಮೈಮೇಲೆ ಎರಡು ಪದರದ ಕೂದಲಿರುವ, ದಿನಕ್ಕೆ ಹತ್ತಾರು ಕಿಲೋಮೀಟರ್ ಓಡಿದರೂ ದಣಿಯದ ನಾಯಿಯನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಏಸಿ ಹಾಕಿ ಕೂರಿಸಿದರೆ ಅದು ಗೋಡೆಯ ಗಾರೆಯನ್ನೇ ಕೆರೆದು ಕಿತ್ತುಹಾಕುತ್ತದೆ. ಬೀಗಲ್ ನೋಡಲು ಮುದ್ದು, ಆದರೆ ಅದು ವಾಸನೆ ಹಿಡಿದು ಬೇಟೆಯಾಡುವ ತಳಿ, ದೂರದ ಬೇಟೆಗಾರನಿಗೆ ಕೇಳಿಸುವಂತೆ ಊಳಿಡುವುದು ಅದರ ಹುಟ್ಟುಗುಣ. ನಮ್ಮ ಮುಧೋಳ ನಾಯಿಯ ಕಥೆಯೂ ಇದೇ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂದಾಗ, 2020ರಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ಅದನ್ನು ಹೊಗಳಿದಾಗ ಕನ್ನಡಿಗರೆಲ್ಲರಂತೆ ನಾನೂ ಹೆಮ್ಮೆಪಟ್ಟೆ. ಆದರೆ ಬಾಗಲಕೋಟೆಯ ಬಯಲಿನಲ್ಲಿ ಮೊಲದ ಹಿಂದೆ ಬಾಣದಂತೆ ಓಡಲು ಹುಟ್ಟಿದ ಆ ನಾಯಿಗೆ ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನ ಮನೆ ಸಾಲುವುದಿಲ್ಲ. ಹೆಮ್ಮೆಗೆಂದು ತಂದು, ಗೇಟು ಹಾರಿ ಓಡುತ್ತದೆಂದು ಬಿಟ್ಟುಕೊಟ್ಟ ಮುಧೋಳಗಳನ್ನು ನಾನು ಕಂಡಿದ್ದೇನೆ.

ಮರಿಯ ವಯಸ್ಸಿನ ವಿಷಯ ಇದಕ್ಕಿಂತ ಗಂಭೀರವಾದದ್ದು. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ಮಾತ್ರ ಮೂವತ್ತು–ಮೂವತ್ತೈದು ದಿನದ ಮರಿಯನ್ನೇ ಕೊಡುತ್ತಾರೆ, ಏಕೆಂದರೆ ಮರಿ ಚಿಕ್ಕದಾದಷ್ಟೂ ಮುದ್ದಾಗಿ ಕಾಣುತ್ತದೆ ಮತ್ತು ಎಂಟು ವಾರದವರೆಗೆ ಇಟ್ಟುಕೊಂಡರೆ ಊಟ, ಲಸಿಕೆಗಳ ಖರ್ಚು ಅವರ ತಲೆಗೆ ಬರುತ್ತದೆ. ತಾಯಿಯ ಮತ್ತು ಒಡಹುಟ್ಟಿದವರ ಜೊತೆ ಕಚ್ಚಾಡುತ್ತ ಆಡುವ ಆ ವಾರಗಳಲ್ಲೇ ಮರಿಯು ಹಲ್ಲನ್ನು ಎಷ್ಟು ಬಿಗಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಯುತ್ತದೆ. ಆ ಪಾಠ ತಪ್ಪಿದ ಮರಿ ಒಂದು ವರ್ಷದ ನಾಯಿಯಾದಾಗ ಆಟದಲ್ಲೇ ಕೈ ಸೀಳುತ್ತದೆ, ಮನೆಯವರು ಅದನ್ನು ಕ್ರೂರಿ ಎಂದು ಕರೆಯುತ್ತಾರೆ. ನಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಎಂಟು ತಿಂಗಳಿಂದ ಎರಡು ವರ್ಷದೊಳಗಿನ ನಾಯಿಗಳ ಬಗ್ಗೆ ಇರುವುದಕ್ಕೆ ಇದೂ ಒಂದು ಕಾರಣ. ಮುದ್ದು ಮುಗಿದು ಮೈ ಬೆಳೆದ ವಯಸ್ಸು ಅದು.

ಮರಿಗಳ ಈ ವ್ಯಾಪಾರದ ಹಿಂಬದಿಯಲ್ಲಿ ಅವುಗಳ ತಾಯಂದಿರಿದ್ದಾರೆ, ಅವರ ಬಗ್ಗೆ ಮಾತನಾಡುವವರೇ ಕಡಿಮೆ. ಅದೇ ನಿಯಮಗಳ ಪ್ರಕಾರ ಹೆಣ್ಣು ನಾಯಿಗೆ ಹದಿನೆಂಟು ತಿಂಗಳಾಗುವ ಮೊದಲು ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಸಲ್ಲದು, ಜೀವಮಾನದಲ್ಲಿ ಐದು ಸೂಲಿಗೆ ನಿಲ್ಲಿಸಬೇಕು. ಕಾಗದದ ಮೇಲಿನ ಈ ಲೆಕ್ಕಕ್ಕೂ ಊರಾಚೆಯ ಶೆಡ್ಡುಗಳಲ್ಲಿ ನಡೆಯುವುದಕ್ಕೂ ಸಂಬಂಧವಿರುವುದಿಲ್ಲ. ಪ್ರತಿ ಬಾರಿ ಬೆದೆಗೆ ಬಂದಾಗಲೂ ಗರ್ಭ ಕಟ್ಟಿಸಿ, ಮರಿಗಳ ಸಂಖ್ಯೆ ಇಳಿಯತೊಡಗಿದ ಮೇಲೆ ಅಥವಾ ಗರ್ಭಕೋಶದಲ್ಲಿ ಕೀವು ತುಂಬಿಕೊಂಡ ಮೇಲೆ, ರಾತ್ರಿ ಹೊತ್ತು ಕಾರಿನಲ್ಲಿ ತಂದು ಹೆದ್ದಾರಿಯ ಬದಿಯಲ್ಲೋ ಕೆರೆಯ ಏರಿಯ ಮೇಲೋ ಇಳಿಸಿ ಹೋಗುತ್ತಾರೆ. ದೇವನಹಳ್ಳಿ ಕಡೆಯ ರಸ್ತೆಯಲ್ಲಿ ಹೀಗೆ ಸಿಕ್ಕ ಲ್ಯಾಬ್ರಡಾರ್ ಒಂದು ನಮ್ಮ ಮನೆಯಲ್ಲಿ ಕೆಲವು ತಿಂಗಳು ಇತ್ತು. ನಾವು ಅದನ್ನು ಗೌರಿ ಎಂದು ಕರೆದೆವು. ಮೊಲೆಗಳು ನೆಲ ಮುಟ್ಟುವಂತೆ ಜೋತಿದ್ದವು, ಉಗುರುಗಳು ಸುರುಳಿ ಸುತ್ತಿಕೊಂಡಿದ್ದವು, ಮೊಣಕೈಗಳಲ್ಲಿ ಸಿಮೆಂಟು ನೆಲದ ಮೇಲೆ ಮಲಗಿ ಮಲಗಿ ಜಡ್ಡುಗಟ್ಟಿತ್ತು. ಅವಳಿಗೆ ಮೆಟ್ಟಿಲು ಹತ್ತಲು ಗೊತ್ತಿರಲಿಲ್ಲ. ಅಂಗಳದಲ್ಲಿ ಬಿಟ್ಟರೆ ಒಂದು ಮಂಚದಷ್ಟು ಜಾಗದಲ್ಲೇ ಸುತ್ತುತ್ತಿದ್ದಳು, ಅದರಾಚೆಗೆ ಕಾಲಿಡಬಹುದು ಎಂಬುದು ಅವಳಿಗೆ ತಿಳಿಯಲು ಬಹಳ ದಿನ ಹಿಡಿಯಿತು.

ಗೌರಿಗೆ ಜನನಾಂಗದ ಗಡ್ಡೆಯೂ ಇತ್ತು. ಕೂಡುವಿಕೆಯಿಂದ ನಾಯಿಯಿಂದ ನಾಯಿಗೆ ಹರಡುವ ಈ ಗಡ್ಡೆಗೆ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ಗುಣವಾಗುತ್ತವೆ, ಅವಳೂ ಗುಣವಾದಳು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ರಸ್ತೆಯಲ್ಲಿ ಸಿಕ್ಕ ಜಾತಿ ನಾಯಿಯ ಬಾಲದ ಕೆಳಗೆ ರಕ್ತ ಸೋರುವುದನ್ನು ಕಂಡವರು ಅದು ಕ್ಯಾನ್ಸರ್, ಇನ್ನು ಉಳಿಯುವುದಿಲ್ಲ ಎಂದು ದೂರ ಸರಿಯುತ್ತಾರೆ. ಉಳಿಯುತ್ತದೆ, ಪಶುವೈದ್ಯರ ಬಳಿ ಕರೆದೊಯ್ಯಬೇಕು ಅಷ್ಟೆ.

ನಾಯಿಯ ಕಡೆಯಿಂದ ಯಾವ ತೊಂದರೆಯೂ ಇಲ್ಲದೆ, ಮನುಷ್ಯರ ಬದುಕು ಬದಲಾದ ಕಾರಣಕ್ಕೆ ಬಿಡಬೇಕಾಗಿ ಬರುವವರೂ ಇದ್ದಾರೆ. ಬಾಡಿಗೆ ಮನೆ ಅದರಲ್ಲಿ ಮುಖ್ಯವಾದದ್ದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ಇದು ಗೊತ್ತಿಲ್ಲದೆ ಸಂಘದ ಒಂದು ನೋಟಿಸಿಗೆ ಹೆದರಿ ನಾಯಿಯನ್ನು ಕೊಟ್ಟುಬಿಟ್ಟವರು ಎಷ್ಟೋ ಮಂದಿ. ಆದರೆ ಬಾಡಿಗೆಗೆ ಕೊಡುವ ಮನೆಯ ಮಾಲೀಕರು ಮೊದಲೇ ಬೇಡವೆಂದರೆ ಆ ಕಾಗದದಿಂದ ಆಗುವುದೇನೂ ಇಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ನಾಯಿ ಒಳಗೆ ಬರಬಾರದು ಎಂಬ ಕಟ್ಟುಪಾಡು, ಬಸುರಿಯಿರುವ ಮನೆಯಲ್ಲಿ ನಾಯಿಯ ಕೂದಲು ಮಗುವಿನ ಹೊಟ್ಟೆ ಸೇರುತ್ತದೆಂಬ ಹೆದರಿಕೆ, ಇವೂ ಪ್ರತಿ ತಿಂಗಳು ಕೇಳಿಬರುತ್ತವೆ. ಬಸುರಿಯರಿಗೆ ವೈದ್ಯರು ಎಚ್ಚರಿಸುವ ಟಾಕ್ಸೊಪ್ಲಾಸ್ಮಾ ಸೋಂಕಿನ ಮೊಟ್ಟೆಗಳು ಹೊರಬೀಳುವುದು ಬೆಕ್ಕಿನ ಮಲದಲ್ಲಿ, ನಾಯಿಯದರಲ್ಲಿ ಅಲ್ಲ. ಕಾಲಕಾಲಕ್ಕೆ ಹುಳುವಿನ ಮಾತ್ರೆ ಮತ್ತು ಲಸಿಕೆ ಹಾಕಿಸಿದ ಮನೆಯ ನಾಯಿಯನ್ನು ಬಾಣಂತನಕ್ಕೆ ಮೊದಲು ಹೊರಗೆ ಕಳಿಸಬೇಕಾದ ಅಗತ್ಯವಿಲ್ಲ.

ವಿದೇಶಕ್ಕೆ ಹೋಗುವವರ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಬೆಂಗಳೂರಿನ ಮಟ್ಟಿಗೆ ಇದು ದೊಡ್ಡ ಕಾರಣ, ಮತ್ತು ಮುಂದಾಲೋಚನೆಯಿಂದ ತಪ್ಪಿಸಬಹುದಾದ ಕಾರಣ. ನಾಯಿಯನ್ನು ಜೊತೆಗೆ ಒಯ್ಯಲು ಸಾಧ್ಯವಿದೆ ಎಂಬುದೇ ಹಲವರಿಗೆ ತಿಳಿದಿಲ್ಲ, ತಿಳಿದವರು ವೀಸಾ ಬಂದ ಮೇಲೆ ವಿಚಾರಿಸುತ್ತಾರೆ. ಬ್ರಿಟನ್ ಅಥವಾ ಯುರೋಪಿನ ದೇಶಗಳಿಗೆ ಒಯ್ಯಬೇಕಾದರೆ ಮೊದಲು ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಿ, ಆಮೇಲೆ ರೇಬಿಸ್ ಲಸಿಕೆ ಕೊಡಿಸಿ, ಮೂವತ್ತು ದಿನ ಕಳೆದ ನಂತರ ಲಸಿಕೆ ಫಲಿಸಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಅಮೆರಿಕವು 2024ರ ಆಗಸ್ಟ್‌ನಿಂದ ನಿಯಮ ಬಿಗಿ ಮಾಡಿದೆ: ನಾಯಿಗೆ ಆರು ತಿಂಗಳಾದರೂ ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಭಾರತದಂಥ ರೇಬಿಸ್ ಹೆಚ್ಚಿರುವ ದೇಶದಿಂದ ಬರುವ ನಾಯಿಗೆ ರಕ್ತ ಪರೀಕ್ಷೆಯ ಫಲಿತಾಂಶವಿಲ್ಲದಿದ್ದರೆ ಅಲ್ಲಿ 28 ದಿನ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರವಾಗಿ ಒಯ್ಯುವಂತೆಯೇ ಇಲ್ಲ, ಅವರು ಒಪ್ಪುವ ಬೇರೊಂದು ದೇಶದಲ್ಲಿ ತಿಂಗಳುಗಟ್ಟಲೆ ಇರಿಸಿ ಅಲ್ಲಿಂದ ಕಳಿಸಬೇಕು. ಪಗ್, ಬುಲ್‌ಡಾಗ್, ಶೀ ತ್ಸು ಮುಂತಾದ ಚಪ್ಪಟೆ ಮುಖದ ನಾಯಿಗಳನ್ನು ವಿಮಾನದ ಸರಕು ವಿಭಾಗದಲ್ಲಿ ಹಲವು ವಿಮಾನ ಸಂಸ್ಥೆಗಳು ಒಯ್ಯುವುದೇ ಇಲ್ಲ, ದಾರಿಯಲ್ಲಿ ಉಸಿರುಕಟ್ಟುವ ಭಯವಿದೆ. ಇಷ್ಟೆಲ್ಲಕ್ಕೂ ತಗಲುವ ಹಣ ಲಕ್ಷಗಳ ಲೆಕ್ಕದ್ದು. ಹೊರದೇಶಕ್ಕೆ ಹೋಗುವ ಸಾಧ್ಯತೆಯಿದೆ ಎಂದು ಮೊದಲೇ ಗೊತ್ತಿರುವ ಯುವಕ ಯುವತಿಯರು ನಾಯಿಯನ್ನು ತರುವ ಮೊದಲೇ ಈ ಲೆಕ್ಕವನ್ನು ಹಾಕಿ ನೋಡಬೇಕು ಎಂದು ನಾನು ಬೇಡಿಕೊಳ್ಳುತ್ತೇನೆ. ಊರಿನಲ್ಲಿರುವ ಅಪ್ಪ ಅಮ್ಮ ನೋಡಿಕೊಳ್ಳುತ್ತಾರೆ ಎಂಬ ಭರವಸೆಯ ಮೇಲೆ ತಂದ ಎಷ್ಟೋ ನಾಯಿಗಳು, ಎಪ್ಪತ್ತು ದಾಟಿದ ಆ ಹಿರಿಯರು ಅದರ ಎಳೆತಕ್ಕೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಮ್ಮ ಬಳಿಗೆ ಬಂದಿವೆ.

ಕೆಲವೊಮ್ಮೆ ಸರ್ಕಾರದ ಒಂದು ಕಾಗದವೂ ನಾಯಿಗಳನ್ನು ಬೀದಿಗೆ ತರುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರವು ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಸುತ್ತೋಲೆ ಹೊರಡಿಸಿದಾಗ, ಈಗಾಗಲೇ ಸಾಕಿಕೊಂಡವರು ಸಂತಾನಹರಣ ಮಾಡಿಸಿದರೆ ಸಾಕು ಎಂದಿದ್ದರೂ, ಪೊಲೀಸರು ಬರುತ್ತಾರೆಂದು ಹೆದರಿದ ಜನರಿದ್ದರು. ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದುಪಡಿಸಿತು. ಅಷ್ಟರೊಳಗೆ ಕೈಬಿಟ್ಟ ನಾಯಿಗಳಿಗೆ ಅದರಿಂದ ಉಪಯೋಗವಾಗಲಿಲ್ಲ.

ನಾಯಿಯನ್ನು ಇನ್ನು ಇಟ್ಟುಕೊಳ್ಳಲಾರೆ ಎಂದು ಒಪ್ಪಿಕೊಂಡು ಸಹಾಯ ಕೇಳುವವರನ್ನು ನಾನು ಎಂದೂ ಜರಿಯುವುದಿಲ್ಲ. ಆದರೆ ಬೀದಿಯಲ್ಲಿ ಬಿಟ್ಟು ಹೋಗುವುದನ್ನು ಕ್ಷಮಿಸಲಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ, ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲದ ಅಪರಾಧಕ್ಕೆ ಅದು ವಿಧಿಸುವ ದಂಡ ಹೆಚ್ಚೆಂದರೆ 50 ರೂಪಾಯಿ, ಅರವತ್ತು ವರ್ಷ ಕಳೆದರೂ ಅದೇ 50 ರೂಪಾಯಿ. ಬಿಬಿಎಂಪಿ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಪ್ರತಿ ಬೀದಿಗೂ ಅದರದೇ ಗುಂಪಿದೆ, ಗಡಿಯಿದೆ. ಸೋಫಾದ ಮೇಲೆ ಬೆಳೆದ ನಾಯಿ ಆ ಗಡಿಯೊಳಗೆ ಬಿದ್ದರೆ ಅದನ್ನು ಗುಂಪು ಮೈಮೇಲೆ ಬಿದ್ದು ಕಚ್ಚುತ್ತದೆ, ತಿನ್ನಲು ಹುಡುಕಿಕೊಳ್ಳಲು ಅದಕ್ಕೆ ಬರುವುದಿಲ್ಲ, ವಾಹನಗಳ ನಡುವೆ ದಾರಿ ದಾಟಲು ತಿಳಿಯದು. ಬಿಟ್ಟ ಜಾಗದಲ್ಲೇ ಮನೆಯವರ ಕಾರಿಗಾಗಿ ದಿನಗಟ್ಟಲೆ ಕಾದಿರುವ ನಾಯಿಗಳನ್ನು ಹಿಡಿಯಲು ನಾವು ಹೋಗುತ್ತೇವೆ, ಅವು ಬೇರೆ ಯಾರ ಬಳಿಗೂ ಬರುವುದಿಲ್ಲ.

ಬಿಟ್ಟುಕೊಡುವ ಸಾಕುನಾಯಿಗಳನ್ನು ಪಡೆದು ಇನ್ನೊಂದು ಮನೆಗೆ ಸೇರಿಸುವ ಸರ್ಕಾರಿ ವ್ಯವಸ್ಥೆ ನಮ್ಮಲ್ಲಿಲ್ಲ ಎಂಬುದನ್ನು ಎಲ್ಲರೂ ತಿಳಿದಿರಬೇಕು. ನಗರಪಾಲಿಕೆಯ ಕೆಲಸ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಕೊಟ್ಟು ಹೆಚ್ಚಾಗಿ ಹಿಡಿದ ಜಾಗದಲ್ಲೇ ಬಿಡುವುದಷ್ಟೆ. ಉಳಿದದ್ದನ್ನೆಲ್ಲ ದಾನದ ಹಣದಿಂದ ನಡೆಯುವ ಸಂಸ್ಥೆಗಳೂ ಮನೆಯಲ್ಲಿ ಜಾಗ ಕೊಡುವ ಸ್ವಯಂಸೇವಕರೂ ಹೊರುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಜೈಪುರದಲ್ಲಿ ಪ್ರಾಣಿಗಳ ಆಶ್ರಯಧಾಮ ಕಟ್ಟಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಇಲ್ಲಿ ಪ್ರಾಣಿಗಳ ರಕ್ಷಣೆಗಾಗಿ ಕ್ಯೂಪಾ ಎಂಬ ಸಂಸ್ಥೆಯನ್ನು ಆರಂಭಿಸಿದರು. ಇಂದು ಅಂಥ ಸಂಸ್ಥೆಗಳು ಹಲವು ಇವೆ, ಆದರೆ ಎಲ್ಲವೂ ಸದಾ ತುಂಬಿರುತ್ತವೆ. ಆದ್ದರಿಂದ ಜಾಗವಿಲ್ಲ ಎಂಬ ಉತ್ತರ ಬಂದಾಗ ದಯವಿಟ್ಟು ಕೋಪಿಸಿಕೊಳ್ಳಬೇಡಿ. ಹೊಸ ಮನೆ ಸಿಗುವವರೆಗೆ ನಾಯಿ ನಿಮ್ಮ ಮನೆಯಲ್ಲೇ ಇರಲಿ, ನಾವು ಅದರ ವಿವರಗಳನ್ನು ಹಂಚಿ ಮನೆ ಹುಡುಕುತ್ತೇವೆ ಎಂದು ಹೇಳುವುದು ನಾಯಿಯ ಒಳಿತಿಗಾಗಿಯೇ. ಗೂಡಿನಲ್ಲಿ ಕೂತು ಬೊಗಳುವ ನಾಯಿಯನ್ನು ನೋಡಿ ಮೆಚ್ಚುವವರು ಕಡಿಮೆ, ತನ್ನ ಮನೆಯಲ್ಲಿ ನೆಮ್ಮದಿಯಾಗಿರುವ ನಾಯಿಯ ಗುಣ ತಾನೇ ಕಾಣುತ್ತದೆ.

ಹೊಸ ಮನೆ ಹುಡುಕುವಾಗ ನಮಗೆ ಬೇಕಾದದ್ದು ಸಮಯ ಮತ್ತು ನಿಜ. ಸಮಯವೆಂದರೆ ಕೆಲವು ತಿಂಗಳು. ನಿಜವೆಂದರೆ ಎಲ್ಲವೂ: ಯಾರನ್ನಾದರೂ ಕಚ್ಚಿದೆಯೇ, ಯಾವಾಗ, ಏಕೆ, ಊಟದ ತಟ್ಟೆಯ ಹತ್ತಿರ ಹೋದರೆ ಏನು ಮಾಡುತ್ತದೆ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ಗುಡುಗಿಗೆ ಹೆದರುತ್ತದೆಯೇ, ದೀಪಾವಳಿಯ ಪಟಾಕಿಗೆ ಓಡಿಹೋಗಿದ್ದುಂಟೇ, ಉಣ್ಣಿ ಹುಳು ಕಚ್ಚಿ ಜ್ವರ ಬಂದಿತ್ತೇ. ಮನೆ ಸಿಗಲಾರದೆಂಬ ಭಯದಿಂದ ಜನರು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟ ನಾಯಿ ಮಕ್ಕಳಿರುವ ಮನೆಗೆ ಹೋಗಿ, ಅಲ್ಲಿ ಮತ್ತೆ ಕಚ್ಚಿ, ಎರಡನೆಯ ಸಲ ಹೊರಬಿದ್ದರೆ ಮೂರನೆಯ ಮನೆ ಸಿಗುವುದು ಬಲು ಕಷ್ಟ. ನಿಜ ಹೇಳಿದರೆ ಅದೇ ನಾಯಿಗೆ ಮಕ್ಕಳಿಲ್ಲದ, ನಾಯಿಗಳ ಪಳಗಿದ ಕೈಯಿರುವ ಮನೆಯನ್ನು ಮೊದಲೇ ಹುಡುಕಬಹುದು, ಹುಡುಕಿದ್ದೇವೆ ಕೂಡ.

ಬಿಟ್ಟುಕೊಡುವ ಮುನ್ನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ನಾವು ಹಟ ಹಿಡಿಯುತ್ತೇವೆ. ಉಚಿತವಾಗಿ ಕೊಡುತ್ತೇವೆ, ಒಳ್ಳೆಯ ಮನೆ ಬೇಕು ಎಂದು ಹಾಕಿದ ಹೆಣ್ಣು ಗೋಲ್ಡನ್ ರಿಟ್ರೀವರ್‌ನ ಫೋಟೋಗೆ ಮೊದಲು ಫೋನ್ ಮಾಡುವವರಲ್ಲಿ ಮರಿ ಮಾರುವವರೂ ಇರುತ್ತಾರೆ. ಅವರು ಹೆಂಡತಿ ಮಕ್ಕಳ ಜೊತೆ ಬಂದು ಚೆನ್ನಾಗಿ ಮಾತನಾಡುತ್ತಾರೆ, ಚಿಕಿತ್ಸೆ ಆಗಿದೆ ಎಂದು ತಿಳಿಸಿದ ಕ್ಷಣವೇ ಅವರ ಆಸಕ್ತಿ ಇಳಿದುಹೋಗುತ್ತದೆ. ಗೌರಿಯಂಥವರ ಪಾಡು ಇನ್ನೊಂದು ನಾಯಿಗೆ ಬರಬಾರದೆಂದರೆ ಇದಕ್ಕಿಂತ ಸರಳವಾದ ಉಪಾಯ ನನಗೆ ಗೊತ್ತಿಲ್ಲ.

ದತ್ತು ಪಡೆಯಲು ಬರುವವರಿಗೆ ನಾವು ಕೇಳುವ ಪ್ರಶ್ನೆಗಳು ಹೆಚ್ಚೆನಿಸಬಹುದು. ಮನೆಯ ಪ್ರತಿಯೊಬ್ಬರ ಒಪ್ಪಿಗೆ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ, ಬಾಲ್ಕನಿಗೆ ಜಾಲರಿ, ದಿನದಲ್ಲಿ ಎಷ್ಟು ಗಂಟೆ ಮನೆ ಖಾಲಿ, ಊರಿಗೆ ಹೋದಾಗ ನಾಯಿ ಎಲ್ಲಿ, ಇವನ್ನೆಲ್ಲ ಕೇಳಿ, ಮನೆಗೆ ಒಮ್ಮೆ ಹೋಗಿ ನೋಡಿಬಂದು, ಆಮೇಲೆ ಒಪ್ಪಂದಕ್ಕೆ ಸಹಿ ಹಾಕಿಸುತ್ತೇವೆ. ಯಾವುದೇ ಕಾರಣಕ್ಕೆ ಇಟ್ಟುಕೊಳ್ಳಲಾಗದಿದ್ದರೆ ನಾಯಿ ನಮ್ಮಲ್ಲಿಗೇ ಮರಳಬೇಕು ಎಂಬ ಷರತ್ತು ಅದರಲ್ಲಿರುತ್ತದೆ. ಇದರಿಂದ ಬೇಸರಪಟ್ಟು, ಅಂಗಡಿಯಲ್ಲಾದರೆ ದುಡ್ಡು ಕೊಟ್ಟರೆ ಸಾಕು ಎಂದು ಹೋದವರಿದ್ದಾರೆ. ಮೊದಲ ಮನೆಗೆ ಹೋಗುವಾಗ ಯಾರೂ ಕೇಳದೆ ಉಳಿದ ಪ್ರಶ್ನೆಗಳನ್ನೇ ನಾವು ಎರಡನೆಯ ಮನೆಗೆ ಹೋಗುವಾಗ ಕೇಳುತ್ತಿದ್ದೇವೆ ಎಂದು ಅವರಿಗೆ ವಿವರಿಸಲು ಪ್ರಯತ್ನಿಸುತ್ತೇನೆ.

ಹೊಸ ಮನೆಯ ಮೊದಲ ವಾರ ಅತ್ಯಂತ ಅಪಾಯದ ವಾರ. ಈ ಕೆಲಸದಲ್ಲಿರುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಒಂದು ಅಂದಾಜು ಹೇಳುತ್ತಾರೆ: ಹೆದರಿಕೆ ಇಳಿಯಲು ಮೂರು ದಿನ, ಮನೆಯ ರೂಢಿ ತಿಳಿಯಲು ಮೂರು ವಾರ, ಇದು ತನ್ನ ಮನೆ ಎಂದುಕೊಳ್ಳಲು ಮೂರು ತಿಂಗಳು. ಮೊದಲ ದಿನಗಳಲ್ಲಿ ನಾಯಿ ತಿನ್ನದಿರಬಹುದು, ಮಂಚದ ಕೆಳಗಿನಿಂದ ಏಳದಿರಬಹುದು, ಬಾಗಿಲು ತೆರೆದರೆ ಹಳೆಯ ಮನೆಯನ್ನು ಹುಡುಕಿಕೊಂಡು ಓಡಿಬಿಡಬಹುದು. ಆ ವಾರ ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ, ಕೊರಳಪಟ್ಟಿಯ ಜೊತೆಗೆ ಎದೆಪಟ್ಟಿಯನ್ನೂ ಹಾಕಿ ಎರಡು ಹಗ್ಗ ಹಿಡಿದು ಹೊರಗೆ ಕರೆದೊಯ್ಯಿರಿ. ಗೌರಿಯನ್ನು ಮೈಸೂರಿನ ನಿವೃತ್ತ ದಂಪತಿ ದತ್ತು ಪಡೆದಾಗ ಅವಳು ಬಹಳ ದಿನ ಅವರ ಅಡುಗೆಮನೆಯ ಮೂಲೆಯನ್ನು ಬಿಟ್ಟು ಏಳಲಿಲ್ಲ. ಆ ಅಮ್ಮ ಅವಳನ್ನು ಎಬ್ಬಿಸಲು ಹೋಗದೆ, ತರಕಾರಿ ಹೆಚ್ಚುವ ಮಣೆಯನ್ನೇ ಆ ಮೂಲೆಗೆ ಒಯ್ದು ದಿನವೂ ಅವಳ ಪಕ್ಕ ಕೂತರು. ಅವಳು ಈಗ ಕುಕ್ಕರಹಳ್ಳಿ ಕೆರೆಯ ಕಡೆಗೆ ನಡೆದು ಹೋಗಿಬರುತ್ತಾಳೆ.

ಸದ್ಯ ನಮ್ಮ ಮನೆಯಲ್ಲಿ ಭೀಮ ಎಂಬ ಇಂಡಿ, ಅಂದರೆ ನಾಟಿ ನಾಯಿಯಿದೆ. ಕಪ್ಪು ಬಣ್ಣ, ಸುಮಾರು ಐದು ವರ್ಷ, ಸಂತಾನಹರಣ ಚಿಕಿತ್ಸೆಯಾಗಿದೆ, ಲಸಿಕೆಗಳಾಗಿವೆ, ಮನೆಯೊಳಗೆ ಗಲೀಜು ಮಾಡುವುದಿಲ್ಲ. ಸಾಕಿದವರು ವಿದೇಶಕ್ಕೆ ಹೋದರು. ಕಪ್ಪು ನಾಯಿ ಬೇಡ, ನಾಟಿ ನಾಯಿ ಬೇಡ, ಬೆಳೆದ ನಾಯಿ ಬೇಡ ಎನ್ನುವವರ ನಡುವೆ ಅವನಿಗಾಗಿ ಕರೆಗಳು ಕಡಿಮೆ ಬಂದಿವೆ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಅವನು ಬೊಗಳುತ್ತಾನೆ. ಊಟ ಮಾಡುವಾಗ ತಟ್ಟೆಗೆ ಕೈಹಾಕಿದರೆ ಗುರುಗುಟ್ಟುತ್ತಾನೆ, ಇದುವರೆಗೆ ಕಚ್ಚಿಲ್ಲ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗೆ ನಾವು ಅವನನ್ನು ಕೊಡುವುದಿಲ್ಲ, ಬೆಕ್ಕಿರುವ ಮನೆಗೂ ಕೊಡುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ನಡೆಸಲು ಜನರಿರುವ, ಹಗಲಿನಲ್ಲಿ ಒಬ್ಬರಾದರೂ ಇರುವ ಮನೆಯಾದರೆ, ಅದು ಬಾಡಿಗೆ ಮನೆಯಾದರೂ ಮಾಲೀಕರ ಪತ್ರದೊಂದಿಗೆ, ಬಂದು ಅವನನ್ನು ನೋಡಬಹುದು. ಒಂದೇ ಸಲಕ್ಕೆ ತೀರ್ಮಾನಿಸಬೇಕಾಗಿಲ್ಲ. ಬೇಕಾದಷ್ಟು ಸಲ ಬಂದು ಅವನ ಜೊತೆ ನಡೆದು ನೋಡಿ.